ಪಲ್ಯ ಇಳಿಸಿದ ಮೇಲೆ ನಿಂಬೆ ಹಿಂಡಿ, ಕಣ್ಣಿಗೂ ಬೇಕು
ನುಗ್ಗೆ ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಎಣ್ಣೆ ಇರಲಿ, ನಿಂಬೆಹಣ್ಣನ್ನು ಮಾತ್ರ ಒಲೆಯಿಂದ ಇಳಿಸಿ ಹಬೆ ಅಡಗಿದ ಮೇಲೆ ಹಿಂಡಿ. ಬಿಸಿಲಿನ ಯುವಿ (ಅತಿನೇರಳೆ) ಕಿರಣ ಕಣ್ಣಿನ ಮಸೂರದ (ಲೆನ್ಸ್) ಪ್ರೋಟೀನನ್ನು ನಿಧಾನಕ್ಕೆ ಕೆಡಿಸುತ್ತದೆ; ಹೀಗೆ ಮಸೂರ ಮಂಜಾಗುವುದೇ ಕಣ್ಣಿನ ಪೊರೆ. ಅದಕ್ಕೆ ಅಡ್ಡ ನಿಲ್ಲುವುದರಲ್ಲಿ ವಿಟಮಿನ್ ಸಿ ಮುಖ್ಯ. ಮಸೂರದ ಮುಂದಿನ ದ್ರವದಲ್ಲಿ ಅದು ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಆದರೆ ನಿಂಬೆಯಲ್ಲಿರುವ ಈ ವಿಟಮಿನ್ ಸಿ ಒಲೆಯ ಕಾವಿಗೆ ಹಾಳಾಗುತ್ತದೆ. ಸೊಪ್ಪಿನ ಲೂಟೀನ್ (ಕಣ್ಣಿನಲ್ಲೂ ಇರುವ ಹಳದಿ ಬಣ್ಣದ ಅಂಶ), ವಿಟಮಿನ್ ಇ ಮೈಗೆ ಹತ್ತಲು ಎಣ್ಣೆ ಬೇಕೇ ಬೇಕು. ಹಾಗಂತ ಬಂದಿರುವ ಪೊರೆ ಇದರಿಂದ ಕರಗಲ್ಲ, ಅದಕ್ಕೆ ಆಪರೇಷನ್ನೇ ಗತಿ. ಸುಮ್ನೆ ಮಾತ್ರೆ ನುಂಗಿದರೂ ಅಷ್ಟೇ: 2001ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮಾತ್ರೆಗಳು ಪೊರೆಯನ್ನು ತಡೆಯಲಿಲ್ಲ. ಬೀಡಿ, ಸಿಗರೇಟು ಸೇದುವವರಂತೂ ಬೀಟಾ ಕ್ಯಾರೊಟಿನ್ ಮಾತ್ರೆ ಮುಟ್ಟಲೇಬೇಡಿ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಮಟಮಟ ಮಧ್ಯಾಹ್ನ ಹೊರಗೆ ಹೋಗುವಾಗ ಅಂಚಿನ ಟೋಪಿ, ಯುವಿ ತಡೆಯುವ ಕನ್ನಡಕ ಹೇಗೂ ಬೇಕು.