ಎಸಳು ಬಿಟ್ಟು ಒಳಗೆ ನೋಡಿದಾಗ ಸಿಕ್ಕ ಹೆಸರು

ಉತ್ತರಾಖಂಡದ ಹೂಗಳ ಕಣಿವೆಯಲ್ಲಿ ನನಗೆ ಸಿಕ್ಕ ಒಂದು ಬಿಳಿ ಹೂವನ್ನು, ಫೋಟೊ ನೋಡಿದವರೆಲ್ಲ ಎರಡು ವರ್ಷ ಸ್ಯಾಕ್ಸಿಫ್ರಾಗ ಎಂಬ ಗಿಡದ್ದು ಅಂತಲೇ ಹೇಳಿದರು. ಮೊಬೈಲ್ ಆ್ಯಪ್ ಒಮ್ಮೆ ಅನಿಮೋನಿ ಅಂದಿತು, ಅದೇ ಫೋಟೊ ಸ್ವಲ್ಪ ಕತ್ತರಿಸಿ ಹಾಕಿದರೆ ಸ್ಟೆಲೇರಿಯಾ ಅಂದಿತು, ಎರಡೂ ಬೇರೆ ಬೇರೆ ಗಿಡಗಳು. ನೀರು ಜಿನುಗುವ ಹುಲ್ಲಿನ ನಡುವೆ ಸಿಕ್ಕ ಹೂವು ಅದು. ಗೇಣುದ್ದದ ದಂಟು, ತುದಿಗೆ ಒಂದೇ ಹೂವು, ಐದು ಬಿಳಿ ಎಸಳು. ನಾನು ಪಾರ್ನೇಸಿಯ ಎಂಬ ಇನ್ನೊಂದು ಕುಲದ ಗಿಡ ಅಂದೆ. ಆಗ ಒಬ್ಬರೂ ಒಪ್ಪಲಿಲ್ಲ. ಈಗ ಒಪ್ಪಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ದುಡ್ಡು ಸುರಿದೆ. ಮ್ಯಾಕ್ರೊ ಲೆನ್ಸ್‌ಗೆ ಮೂವತ್ತೈದು ಸಾವಿರದ ಹತ್ತಿರ, ಓಡಾಟಕ್ಕೆ ಇಪ್ಪತ್ತೆರಡು ಸಾವಿರ. ಆಗಸ್ಟ್ ಮಳೆಗೆ ಲೆನ್ಸ್ ಒಳಗೇ ಮಂಜು ಕಟ್ಟಿತು. ಮುನ್ನೂರು ಫೋಟೊ ತೆಗೆದಿದ್ದೆ, ಎಲ್ಲವೂ ಮೇಲಿನಿಂದ. ಮನೆಗೆ ಬಂದು ನೋಡಿದರೆ ಎಸಳು ಸುಣ್ಣ ಬಳಿದ ಹಾಗೆ, ಒಂದು ಗೆರೆಯೂ ಕಾಣದು. "ಕೇಸರ ಎಣಿಸಿದ್ರಾ?" ಅಂತ ಹಿರಿಯರೊಬ್ಬರು ಕೇಳಿದರು. ಕೇಸರ ಅಂದರೆ ಹೂವಿನ ನಡುವೆ ಪರಾಗ ಹೊತ್ತು ನಿಲ್ಲುವ ಕಡ್ಡಿಗಳು. ಎಣಿಸಿದೆ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು. ಪಾರ್ನೇಸಿಯ ಆದರೆ ಐದು ಬೇಕು, ಸ್ಯಾಕ್ಸಿಫ್ರಾಗ ಆದರೆ ಹತ್ತು. ಹತ್ತರಲ್ಲಿ ಉಳಿದವು ಉದುರಿವೆ, ಹಾಗಾಗಿ ಸ್ಯಾಕ್ಸಿಫ್ರಾಗವೇ ಅಂತ ಅವರ ವಾದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯ ಸಲ ದೊಡ್ಡ ಲೆನ್ಸ್ ಮನೆಯಲ್ಲೇ ಬಿಟ್ಟೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, ಮೊಬೈಲ್‌ಗೆ ಸಿಕ್ಕಿಸುವ ಪುಟ್ಟ ಲೆನ್ಸ್, ಮಂಡಿ ಊರಲು ಪ್ಲಾಸ್ಟಿಕ್ ಹಾಳೆ. ಎಲ್ಲ ಸೇರಿ ಸಾವಿರ ಚಿಲ್ಲರೆ. ರಾಷ್ಟ್ರೀಯ ಉದ್ಯಾನ ಅದು, ಹೂವು ಕೀಳುವ ಹಾಗಿಲ್ಲ. ಕೀಳಬೇಕಾಗಿಯೂ ಇಲ್ಲ.

ಮೊದಲು ಹೂವು ಬಿಟ್ಟು ಬುಡ ನೋಡಿದೆ. ಬುಡದ ಎಲೆಗಳಿಗೆ ಉದ್ದ ತೊಟ್ಟು. ದಂಟಿನಲ್ಲಿ ಒಂದೇ ಎಲೆ, ತೊಟ್ಟಿಲ್ಲ, ದಂಟನ್ನು ತಬ್ಬಿಕೊಂಡಿರುತ್ತದೆ. ಪಾರ್ನೇಸಿಯದ ಈ ಗುರುತನ್ನು ಹೋದ ಸಲ ನೋಡಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ನಿಜವಾದ ಉತ್ತರ ಇದ್ದದ್ದು ಹೂವಿನ ಒಳಗೆ. ಕೇಸರಗಳ ನಡುನಡುವೆ ಐದು ಬಂಜೆ ಕೇಸರ, ಪರಾಗ ಇಲ್ಲದವು. ಚಪ್ಪಟೆ, ಹಳದಿ ಬಣ್ಣ, ತುದಿ ಮೂರು ಸೀಳು. ಪಾರ್ನೇಸಿಯದಲ್ಲೇ ಹಲವು ಜಾತಿಗಳಿವೆ. ಪಲುಸ್ಟ್ರಿಸ್ ಎಂಬ ಜಾತಿ ಆದರೆ ಈ ಬಂಜೆ ಕೇಸರಗಳು ಎಳೆಎಳೆಯಾಗಿ ಒಡೆದು, ಪ್ರತಿ ಎಳೆಯ ತುದಿಗೂ ಹೊಳೆಯುವ ಮಣಿ ಇರುತ್ತದೆ. ವೈಟಿಯಾನ ಎಂಬ ಜಾತಿ ಆದರೆ ಎಸಳಿನ ಕೆಳಭಾಗದ ಅಂಚಿಗೆ ಸೆರಗಿನ ಕುಚ್ಚಿನ ಹಾಗೆ ಎಳೆಗಳು. ಇಲ್ಲಿ ಎರಡೂ ಇಲ್ಲ. ಹಾಗಾಗಿ ಇದು ಪಾರ್ನೇಸಿಯ ನುಬಿಕೋಲ. ಮೋಡದಲ್ಲಿ ವಾಸಿಸುವುದು ಅಂತ ಆ ಹೆಸರಿನ ಅರ್ಥ. ಆ ದಿನ ಮೋಡ ನಿಜಕ್ಕೂ ನನ್ನ ಕತ್ತಿನ ಮಟ್ಟದಲ್ಲಿತ್ತು.

ಎಸಳಿನ ಗೆರೆ ಕಾಣಲಿ ಅಂತ ಈ ಸಲ ಫೋಟೊಗೆ ಬೆಳಕು ಕಡಿಮೆ ಮಾಡಿದೆ. ಹೂವಿನ ಹಿಂದೆ ಕಪ್ಪು ಕೊಡೆ ಹಿಡಿದೆ. 

ಆದರೂ ಮೊದಲ ಸಲ ಎಣಿಸಿದ ಆ ಮೂರು-ನಾಲ್ಕು ಕೇಸರದ ಲೆಕ್ಕ ಕಾಡುತ್ತಿತ್ತು. ಕಣಿವೆಯ ಕೆಳಗಿನ ಊರು ಘಾಂಗರಿಯಾದಲ್ಲಿ ಇನ್ನೂ ಐದಾರು ದಿನ ಉಳಿದೆ. ಕಣಿವೆಯಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ, ದಿನಾ ಹತ್ತಿ ಇಳಿಯಬೇಕು. ರೂಮು, ಊಟ, ಪ್ರವೇಶ ಶುಲ್ಕ ಅಂತ ಮತ್ತೆ ಆರೇಳು ಸಾವಿರ ಹೋಯಿತು. ಅರಳುತ್ತಿದ್ದ ಒಂದೇ ಹೂವನ್ನು ಹಿಡಿದು ಕೂತೆ. ಮೊದಲ ದಿನ ಒಂದು ಕೇಸರ ಉದ್ದವಾಗಿ ನಡುವಿನ ಅಂಡಾಶಯದ ಮೇಲೆ ಬಾಗಿ ಪರಾಗ ಬಿಟ್ಟಿತು. ಮರುದಿನ ಅದು ಹೊರಗೆ ವಾಲಿತ್ತು, ಅದರ ಜಾಗಕ್ಕೆ ಇನ್ನೊಂದು ಬಂದಿತ್ತು. ಹೀಗೆ ಸರದಿಯಲ್ಲಿ ಐದೂ. ಹಳೆಯವುಗಳ ಪರಾಗದ ಚೀಲ ಉದುರಿರುತ್ತದೆ, ಮೇಲಿನಿಂದ ತೆಗೆದ ಫೋಟೊದಲ್ಲಿ ಉಳಿದ ದಾರದಂಥ ಕಡ್ಡಿ ಕಾಣುವುದೇ ಇಲ್ಲ. ನಾನು ಮೂರು, ನಾಲ್ಕು ಎಣಿಸಿದ್ದು ಅದಕ್ಕೇ. ದಿನಕ್ಕೊಂದರಂತೆ ಐದು ಫೋಟೊ ಸಾಲಾಗಿ ಜೋಡಿಸಿ ಆ ಹಿರಿಯರಿಗೆ ಕಳಿಸಿದೆ. "ನೀವು ಹೇಳಿದ್ದೇ ಸರಿ" ಅಂತ ಒಂದೇ ಸಾಲು ಬಂತು.

ನಮ್ಮ ಪಶ್ಚಿಮ ಘಟ್ಟದಲ್ಲಿ ಪಾರ್ನೇಸಿಯ ಮೈಸೊರೆನ್ಸಿಸ್ ಎಂಬ ಜಾತಿ ಇದೆ, ಹೆಸರಲ್ಲೇ ಮೈಸೂರು. ಮುಂದಿನ ಮಳೆಗಾಲಕ್ಕೆ ಅದೇ ಕೊಡೆ, ಅದೇ ಪ್ಲಾಸ್ಟಿಕ್ ಹಾಳೆ ಹಿಡಿದು ಅದನ್ನು ಹುಡುಕಿ ಹೊರಡುತ್ತೇನೆ.