ತರಕಾರಿ ಭರಣಿಗೆ ಇಳಿಯುವ ಮುಂಚೆ

ಸಂಕ್ರಾಂತಿ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಬೀನ್ಸ್, ಕ್ಯಾರೆಟ್, ಹಸಿಮೆಣಸು ಎಲ್ಲ ಒಟ್ಟಿಗೇ ಬಂದುಬಿಡುತ್ತವೆ. ಅಕ್ಕಪಕ್ಕದವರಿಗೆ ಕೊಟ್ಟು, ದಿನಾ ಹುಳಿ, ಪಲ್ಯ ಮಾಡಿದರೂ ಬುಟ್ಟಿ ಖಾಲಿಯಾಗುವುದಿಲ್ಲ. ಆಗ ಅಟ್ಟದಿಂದ ಭರಣಿ ಇಳಿಸುತ್ತೇನೆ.

ಉಪ್ಪಿನಕಾಯಿ ಕೆಡುವುದು ಹೆಚ್ಚಾಗಿ ನೀರಿನಿಂದ. ತರಕಾರಿ ತೊಳೆದು, ಹಳೇ ಹತ್ತಿ ಪಂಚೆಯ ಮೇಲೆ ಹರಡಿ ರಾತ್ರಿಯಿಡೀ ಬಿಡಿ. ಹೆಚ್ಚುವುದು ಮರುದಿನ. ಹಸಿಮೆಣಸಿನ ತೊಟ್ಟನ್ನು ಒಣಗಿದ ಮೇಲೆಯೇ ತೆಗೆಯಿರಿ. ಮೊದಲೇ ಕಿತ್ತು ತೊಳೆದರೆ ಆ ತೂತಿನಿಂದ ನೀರು ಒಳಗೆ ಹೋಗಿ ಕೂತುಬಿಡುತ್ತದೆ. ಒಂದು ಮೆಣಸನ್ನು ಅಲ್ಲಾಡಿಸಿ ನೋಡಿ, ಗೊತ್ತಾಗುತ್ತದೆ.

ಒಂದು ಕೆಜಿ ಹೋಳಿಗೆ 200 ಗ್ರಾಂ ಕಲ್ಲುಪ್ಪು, ಹದಿನೈದು ನಿಂಬೆಹಣ್ಣಿನ ರಸ. ಜಾಸ್ತಿ ಆಯ್ತು ಅನ್ನಬೇಡಿ. ನಮ್ಮ ಮನೆಯವರಿಗೆ ಬಿಪಿ ಅಂತ ಒಂದು ವರ್ಷ ಉಪ್ಪು ಅರ್ಧ ಮಾಡಿದ್ದೆ. ಇಪ್ಪತ್ತು ದಿನ ಬಿಟ್ಟು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬಿಳಿ ಬೂಷ್ಟು! ಅಷ್ಟೂ ತೆಂಗಿನ ಬುಡ ಸೇರಿತು. ಬಿಪಿ ಇದ್ದವರು ತಿನ್ನುವುದು ಕಡಿಮೆ ಮಾಡಲಿ, ಭರಣಿಯ ಉಪ್ಪಿಗೆ ಕೈ ಹಾಕಬೇಡಿ.

ಉಪ್ಪು, ನಿಂಬೆರಸ ಬೆರೆಸಿ ಎರಡು ದಿನ ಇಟ್ಟರೆ ಹೋಳು ನೀರು ಬಿಡುತ್ತದೆ. ಆ ನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ. ಉಗುರುಬೆಚ್ಚಗಿದ್ದಾಗ ಅವಸರ ಮಾಡಬಾರದು. ಅದರಲ್ಲೇ 100 ಗ್ರಾಂ ಮೆಣಸಿನಪುಡಿ, 50 ಗ್ರಾಂ ಸಾಸಿವೆ ಪುಡಿ, ಒಂದು ಚಮಚ ಹುರಿದ ಮೆಂತ್ಯದ ಪುಡಿ, ಇಂಗು ಕಲಸಿ ಹೋಳಿಗೆ ಸೇರಿಸಿ. ಸಾಸಿವೆಯನ್ನು ಮಾತ್ರ ಹುರಿಯದೆ, ಬಿಸಿಲಿಗೆ ಒಣಗಿಸಿ ಪುಡಿ ಮಾಡಿ. ಹುರಿದರೆ ಮೂಗಿಗೆ ಹತ್ತುವ ಆ ಘಾಟು ಸತ್ತುಹೋಗುತ್ತದೆ. ಕಾಯಿಸಿ ಆರಿಸಿದ ಎಳ್ಳೆಣ್ಣೆ ಹೋಳು ಮುಳುಗುವಷ್ಟು ಮೇಲೆ ನಿಲ್ಲಲಿ. ದಿನದ ಬಳಕೆಗೆ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ. ದೊಡ್ಡ ಭರಣಿಗೆ ಒದ್ದೆ ಸೌಟು ಹಾಕಿದ ಸೊಸೆಗೆ ನಾನು ಏನೂ ಅನ್ನಲಿಲ್ಲ, ಬರೀ ನೋಡಿದೆ.

ಅಮೆರಿಕದಲ್ಲಿರುವ ಮಗಳು ಹೋದ ವಾರ, 'ಅಮ್ಮಾ, ಇಲ್ಲಿನ ಥರ ಬೀನ್ಸ್ ಬೇಯಿಸಿ ಬಾಟಲಿಗೆ ತುಂಬಿ, ಕುದಿಯುವ ನೀರಲ್ಲಿಟ್ಟು ಸೀಲ್ ಮಾಡಲಾ?' ಅಂತ ಕೇಳಿದಳು. ಬೇಡವೇ ಬೇಡ ಅಂದೆ. ಹುಳಿ ಇಲ್ಲದ ತರಕಾರಿಯನ್ನು ಗಾಳಿಯಾಡದ ಬಾಟಲಿಯಲ್ಲಿಟ್ಟರೆ ಒಂದು ರೋಗಾಣು ಬೆಳೆದು, ಬೊಟುಲಿಸಂ ತರುವ, ಪ್ರಾಣಕ್ಕೇ ಕುತ್ತಾಗುವ ವಿಷ ಹುಟ್ಟಬಹುದು. ಆ ರೋಗಾಣುವಿನ ಬೀಜ ಕುದಿನೀರಿಗೆ ಸಾಯುವುದಿಲ್ಲ. ಅದಕ್ಕೆ 116 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಪ್ರೆಷರ್ ಕ್ಯಾನರ್ (ತುಂಬಿದ ಬಾಟಲಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸುವ ಪಾತ್ರೆ) ಬೇಕು, ನಮ್ಮ ಅನ್ನದ ಕುಕ್ಕರ್ ಆ ಕೆಲಸಕ್ಕಲ್ಲ. ವಿಷ ಆಗಿದ್ದರೂ ವಾಸನೆ ಬರಲೇಬೇಕು ಅಂತಿಲ್ಲ, ಅದೇ ಭಯ. 'ಮೂರು ನಿಮಿಷ ಕುದಿನೀರಿಗೆ ಹಾಕಿ, ತಣ್ಣೀರಲ್ಲಿ ಆರಿಸಿ ಫ್ರೀಜರಿಗಿಡು' ಅಂದೆ. ಫ್ರೀಜರ್ ತುಂಬಾ ಐಸ್‌ಕ್ರೀಮ್ ಇದೆಯಂತೆ. ಮೊದಲು ಅದನ್ನು ತಿಂದು ಮುಗಿಸಿ ಅಂದೆ.