ಬಲ್ಬು ತೆಗೆದ ಮೇಲೆ ಬದುಕಿದ ಕೋಳಿಗಳು: ನನ್ನ ಅನುಭವ

ಕಳೆದ ಚಳಿಗಾಲ ಆರಂಭವಾದಾಗ ನನ್ನ ಹಿತ್ತಲ ಗೂಡಿನಲ್ಲಿ ಹದಿನೆಂಟು ಕೋಳಿಗಳಿದ್ದವು, ಚಳಿ ಮುಗಿದಾಗಲೂ ಹದಿನೆಂಟೇ ಇದ್ದವು. ಅದಕ್ಕೂ ಹಿಂದಿನ ಎರಡು ಚಳಿಗಾಲಗಳಲ್ಲಿ ನಾನು ಕಳೆದುಕೊಂಡವು ಹೆಚ್ಚುಕಡಿಮೆ ಹನ್ನೊಂದು. ಗೂಡಿನ ಮೇಲ್ಭಾಗವನ್ನು ತೆರೆದಿಟ್ಟು ಬಲ್ಬನ್ನೂ ತೆಗೆದುಬಿಡುತ್ತೇನೆ ಎಂದಾಗ, ನನಗಿಂತ ಹೆಚ್ಚು ವರ್ಷ ಕೋಳಿ ಸಾಕಿದ ಗೆಳೆಯರು ಈ ಸಲ ಒಂದೂ ಉಳಿಯುವುದಿಲ್ಲವೆಂದು ಮುಖಕ್ಕೇ ಹೇಳಿದ್ದರು. ಈಗ ಅವರಲ್ಲಿ ಇಬ್ಬರು ನನ್ನ ಗೂಡಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಮೊದಲ ವರ್ಷ ನಾನೂ ಎಲ್ಲರಂತೆ ನಾಲ್ಕೂ ಕಡೆ ಟಾರ್ಪಾಲಿನ್ ಬಿಗಿದು, ಸಂದುಗಳಿಗೆಲ್ಲ ಗೋಣಿಚೀಲ ತುರುಕಿ, 100 ವ್ಯಾಟ್‌ನ ಎರಡು ಬಲ್ಬುಗಳನ್ನು ರಾತ್ರಿಯಿಡೀ ಉರಿಸಿದೆ. ಬೆಳಿಗ್ಗೆ ಟಾರ್ಪಾಲಿನ್ನಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒಳಗೆ ಬೆಚ್ಚಗಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಮೂರು ವಾರ ಕಳೆಯುವಷ್ಟರಲ್ಲಿ ಕೋಳಿಗಳು ಗೊರಗೊರ ಉಸಿರಾಡತೊಡಗಿದವು, ಕಣ್ಣಂಚಿನಲ್ಲಿ ನೊರೆ ಕಾಣಿಸಿತು, ನೀರು ಹೆಪ್ಪುಗಟ್ಟಿದ ರಾತ್ರಿಗಳ ನಂತರ ಹುಂಜಗಳ ಜುಟ್ಟಿನ ತುದಿ ಕಪ್ಪಾಯಿತು. ಔಷಧಿಯ ಖರ್ಚು ಮತ್ತು ಕರೆಂಟಿನ ಬಿಲ್ಲು ಸೇರಿ ಆ ವರ್ಷದ ಮೊಟ್ಟೆಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗಿದವು. ಎರಡನೆಯ ವರ್ಷ ಬಲ್ಬುಗಳನ್ನು ಮೂರಕ್ಕೆ ಏರಿಸಿದೆ. ಒಂದು ರಾತ್ರಿ ಅವುಗಳಲ್ಲೊಂದು ಕಳಚಿ ನೆಲಕ್ಕೆ ಹರಡಿದ ಹಾಸಿನ ಮೇಲೆ ಬಿದ್ದು ಅದರ ಮರದ ಹೊಟ್ಟು ಹೊಗೆಯಾಡತೊಡಗಿತು. ವಾಸನೆಗೆ ನನಗೆ ಎಚ್ಚರವಾಗದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಕಣ್ಣು ತೆರೆಸಿದ್ದು ಒಂದು ಹಟಮಾರಿ ಹೇಂಟೆ. ಎಷ್ಟೇ ಅಟ್ಟಿದರೂ ಗೂಡಿಗೆ ಬಾರದೆ ಸೌದೆ ಕೊಟ್ಟಿಗೆಯ ಜಂತಿಯ ಮೇಲೆ ಮಲಗುತ್ತಿದ್ದ ಅದಕ್ಕೆ ಎರಡೂ ವರ್ಷ ನೆಗಡಿಯೂ ಬರಲಿಲ್ಲ, ಜುಟ್ಟೂ ಕಪ್ಪಾಗಲಿಲ್ಲ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಗರಿ ಒಣಗಿದ್ದು ನೇರ ಗಾಳಿ ಹೊಡೆಯದಿದ್ದರೆ ದೊಡ್ಡ ಕೋಳಿಗಳು ಗರಿ ಉಬ್ಬಿಸಿಕೊಂಡು ತಾವೇ ಚಳಿ ತಡೆಯುತ್ತವೆ. ನನ್ನ ಕೋಳಿಗಳನ್ನು ಕೊಂದದ್ದು ಅವುಗಳ ಉಸಿರು ಮತ್ತು ಹಿಕ್ಕೆಯಿಂದ ಎದ್ದು, ಹೊರಹೋಗಲು ದಾರಿ ಸಿಗದ ತೇವ ಮತ್ತು ಅಮೋನಿಯಾ.

ಹಾಗಾಗಿ ಮೂರನೆಯ ವರ್ಷ ಟಾರ್ಪಾಲಿನ್ ಕಿತ್ತು, ಚಾವಣಿಯ ಕೆಳಗೆ ಎದುರುಬದುರು ಎರಡು ಗೋಡೆಗಳ ಉದ್ದಕ್ಕೂ ಒಂದು ಗೇಣು ಎತ್ತರದ ಕಿಂಡಿ ಬಿಟ್ಟು ತಂತಿಬಲೆ ಹೊಡೆದೆ. ಅದರ ಕೆಳಗೆ ಮಾತ್ರ ಒಂದು ಸಂದೂ ಉಳಿಯದಂತೆ ಹಲಗೆಯಿಂದ ಮುಚ್ಚಿದೆ. ಕೋಳಿಗಳು ಕೂರುವ ಮಟ್ಟದಲ್ಲಿ ದಾರಕ್ಕೆ ಕಟ್ಟಿದ ಒಂದು ಪುಕ್ಕವನ್ನು ತೂಗುಬಿಟ್ಟು, ಅದು ಅಲುಗದಷ್ಟರ ಮಟ್ಟಿಗೆ ಸಂದು ಮುಚ್ಚಲು ನನಗೆ ನಾಲ್ಕು ಸಂಜೆ ಹಿಡಿಯಿತು. ಸಣ್ಣ ದುಂಡು ಕೋಲುಗಳ ಬದಲು ಮೂರು ಅಂಗುಲ ಅಗಲದ ಚಪ್ಪಟೆ ಪಟ್ಟಿಗಳನ್ನು ಹಾಕಿದ್ದರಿಂದ ಕೂತ ಕೋಳಿಯ ಬೆರಳುಗಳು ಪೂರ್ತಿಯಾಗಿ ಎದೆಗರಿಯ ಅಡಿ ಸೇರಿದವು. ಆದರೆ ಮೊದಲು ಪಟ್ಟಿಗಳನ್ನು ಎದೆಯೆತ್ತರಕ್ಕೆ ಹೊಡೆದು, ಭಾರದ ಹೇಂಟೆಗಳು ಧುಮುಕಿ ಎರಡರ ಪಾದದಡಿ ಬಾವು ಬಂದ ಮೇಲೆಯೇ ಎರಡು ಅಡಿಗೆ ಇಳಿಸಿದೆ. ಕಿಂಡಿ ಬಿಟ್ಟ ಎರಡನೆಯ ವಾರ ಆ ಹಟಮಾರಿ ತಾನಾಗಿಯೇ ಒಳಗೆ ಬಂದು ಕೂತಿತು. ನನಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ.

ಹಾಸಿನ ವಿಷಯದಲ್ಲೂ ಒಮ್ಮೆ ಎಡವಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಸಿಮರದ ಹೊಟ್ಟು ತಂದು ಸುರಿದು, ಹತ್ತು ದಿನಕ್ಕೆ ಬೂಸ್ಟು ಹಿಡಿದ ಅಷ್ಟನ್ನೂ ಹೊರಗೆ ಎಳೆದುಹಾಕಬೇಕಾಯಿತು. ಆಮೇಲೆ ಪೂರ್ತಿ ಒಣಗಿದ ಹೊಟ್ಟನ್ನು ಚಳಿಗೆ ಒಂದೂವರೆ ತಿಂಗಳು ಮೊದಲೇ ಅರ್ಧ ಅಡಿ ಹಾಸಿ, ಸ್ವಲ್ಪಸ್ವಲ್ಪವೇ ಸೇರಿಸುತ್ತ ಒಂದು ಅಡಿಗೆ ಏರಿಸಿದೆ. ವಾರಕ್ಕೆರಡು ಸಲ ನಾಲ್ಕು ಹಿಡಿ ಕಾಳು ಎರಚಿದರೆ ಹಾಸನ್ನು ಮಗುಚುವ ಕೆಲಸವನ್ನು ಕೋಳಿಗಳೇ ಮಾಡುತ್ತವೆ. ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿದಾಗ ಕಣ್ಣು ಉರಿದರೆ ಹೊಸ ಹೊಟ್ಟು ಬೇಕೆಂದು ಅರ್ಥ. ತಿಂಗಳಿಗೊಮ್ಮೆ ಈ ಹಾಸಿನಲ್ಲಿ ನಾನು ಬೆರೆಸುವ ಪುಡಿಯೊಂದಿದೆ. ಇನ್ನೊಂದು ಚಳಿಗಾಲ ನೋಡದೆ ಅದನ್ನು ಹೇಳುವುದಿಲ್ಲ.

ನೀರಿನ ಪಾತ್ರೆಯನ್ನು ರಾತ್ರಿ ಹೊರಗಿಟ್ಟದ್ದರಿಂದಲೇ ಗೂಡಿನ ತೇವ ಎಷ್ಟೋ ಇಳಿಯಿತು. ಬೆಳಿಗ್ಗೆ ಮತ್ತು ಮಧ್ಯಾಹ್ನ ಉಗುರುಬೆಚ್ಚಗಿನ ನೀರು, ಸಂಜೆ ಮಲಗುವ ಮುನ್ನ ಒಂದಿಷ್ಟು ಮೆಕ್ಕೆಜೋಳದ ನುಚ್ಚು ಕೊಟ್ಟೆ. ಮೇವಿನ ಖರ್ಚು ಕಾಲುಭಾಗದಷ್ಟು ಏರಿದರೂ ಬಲ್ಬು ತೆಗೆದು ಉಳಿಸಿದ್ದರ ಮುಂದೆ ಅದು ಏನೂ ಅಲ್ಲ. ಮೇವಿಗೆ ಖಾರದ ಪುಡಿ ಬೆರೆಸಿದರೆ ಮೊಟ್ಟೆ ಹೆಚ್ಚುತ್ತದೆಂಬ ಮಾತನ್ನು ಆರು ಹೇಂಟೆಗಳ ಮೇಲೆ ತಿಂಗಳಿಡೀ ಪರೀಕ್ಷಿಸಿ, ಹಳದಿಯ ಬಣ್ಣ ತುಸು ಗಾಢವಾದದ್ದನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಜುಟ್ಟಿಗೆ ವ್ಯಾಸಲೀನ್ ಸವರುವ ಪ್ರಯೋಗ ಹುಂಜದ ಉಗುರಿನ ಗೀರಿನಲ್ಲಿ ಮುಗಿಯಿತು. ಟೈಮರ್ ಇಟ್ಟು ಸಣ್ಣ ಎಲ್‌ಇಡಿ ದೀಪದಿಂದ ಬೆಳಕನ್ನು ದಿನಕ್ಕೆ 14 ಗಂಟೆಗಳಿಗೆ ಚಾಚಿದಾಗ ಮೊಟ್ಟೆ ಬಂದದ್ದು ನಿಜವಾದರೂ, ಗರಿ ಉದುರಿಸುತ್ತಿದ್ದ ಹೇಂಟೆಗಳು ಸೊರಗಿದ್ದನ್ನು ಕಂಡು ನಿಲ್ಲಿಸಿಬಿಟ್ಟೆ.

ಇದೆಲ್ಲ ಗರಿ ತುಂಬಿದ ಕೋಳಿಗಳ ಮಾತು. ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಕೇ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬೇಕು. ನಾನು ಈ ಗೂಡಿನಿಂದ ಬಿಚ್ಚಿದ ಬಲ್ಬುಗಳಲ್ಲಿ ಒಂದು ಈಗ ಮರಿಗಳನ್ನು ಬೆಚ್ಚಗಿಡುವ ಬ್ರೂಡರಿನಲ್ಲಿದೆ, ಸರಪಳಿಯೂ ತಂತಿಯೂ ಸೇರಿ ಎರಡೆರಡು ಕಡೆ ಬಿಗಿದು.